ನಾಲೆಯ ಕೊನೆಗೂ ತಲುಪೀತೇ ಗಣಕಶಕ್ತಿ?

ಈಚೆಗೆ ಒಂದು ಭಾನುವಾರ ಸಂಜೆ ದಾವಣಗೆರೆಯ ನಮ್ಮ ಮನೆಗೆ ಹಳೆಯ ವಿದ್ಯಾರ್ಥಿಯೊಬ್ಬ ತನ್ನ ತಂದೆಯೊಡನೆ ಬಂದಿದ್ದ. ಹೈಸ್ಕೂಲಿನಲ್ಲಿ ನನ್ನ ಬಳಿ ವಿಜ್ಞಾನ ಕಲಿತವನು. ಈಗ ಇದೇ ಊರಿನಲ್ಲಿ ಎಂಜಿನಿಯರಿಂಗ್ ಕೊನೆಯ ವರ್ಷ. ತಂದೆ ಹರಿಹರ ತಾಲ್ಲೂಕಿನ ರೈತರು. ಭದ್ರಾ ನಾಲೆಯ ಕೊನೆ ಭಾಗದಲ್ಲಿ ಒಂದಿಷ್ಟು ಗದ್ದೆ, ಅದರಾಚೆಯ ಖುಷ್ಕಿಯಲ್ಲಿ ಎರಡು ಎಕರೆ ಮೆಕ್ಕೆಜೋಳ.

ಹುಡುಗನ ಮುಖ ಬಾಡಿತ್ತು. ವಿಚಾರಿಸಿದೆ. ಮೆಕ್ಕೆಜೋಳದ ಎಲೆಯ ಫೋಟೋ ತೋರಿಸಿದರೆ ಸಾಕು, ಫಾಲ್ ಆರ್ಮಿವರ್ಮ್ ಎಂಬ ಸೈನಿಕ ಹುಳು ತಗಲಿದೆಯೋ ಇಲ್ಲವೋ ಎಂದು ಹೇಳಬಲ್ಲ ಕೃತಕ ಬುದ್ಧಿಮತ್ತೆಯ ಪ್ರೋಗ್ರಾಂ ಅವನ ಪ್ರಾಜೆಕ್ಟು. ಅಪ್ಪನ ಹೊಲದಲ್ಲಿ, ಅಕ್ಕಪಕ್ಕದವರ ಹೊಲದಲ್ಲಿ ಮುಂಗಾರಿಡೀ ಅಲೆದು ನಾಲ್ಕು ಸಾವಿರ ಚಿತ್ರ ತೆಗೆದಿದ್ದಾನೆ. ಪ್ರೋಗ್ರಾಮಿಗೆ ಅವುಗಳಿಂದ ಕಲಿಸಬೇಕು. ಅವನ ಲ್ಯಾಪ್‌ಟಾಪಿಗೆ ಆ ಶಕ್ತಿ ಇಲ್ಲ. ಹೊರದೇಶದ ಕಂಪನಿಯೊಂದು ಇಂಟರ್ನೆಟ್ ಮೂಲಕ ಪುಕ್ಕಟೆಯಾಗಿ ಬಿಟ್ಟುಕೊಡುವ ಗಣಕದಲ್ಲಿ ರಾತ್ರಿಯಿಡೀ ಓಡಿಸಿದ್ದಾನೆ. ಬೆಳಗಿನ ಜಾವದ ಹೊತ್ತಿಗೆ ಸಂಪರ್ಕ ಕಡಿತ. ‘ನಿಮ್ಮ ಪಾಲಿನ ಬಳಕೆ ಮುಗಿದಿದೆ’ ಎಂಬ ಸಂದೇಶ. ಹೀಗೆ ಮೂರು ಸಲ. ನಡುನಡುವೆ ಕೆಲಸವನ್ನು ಉಳಿಸಿಕೊಳ್ಳದಿದ್ದುದು ಅವನದೇ ತಪ್ಪು, ಅದನ್ನು ನಾನು ಹೇಳಿಯೂ ಹೇಳಿದೆ. ಆದರೆ ಅಷ್ಟರಲ್ಲಿ ತಂದೆ ಕೇಳಿದ ಪ್ರಶ್ನೆ ನನ್ನ ಬಾಯಿ ಕಟ್ಟಿಸಿತು.

‘ಅಲ್ರೀ ಮೇಷ್ಟ್ರೇ, ಈ ಕಂಪ್ಯೂಟರಿಗೂ ನಮ್ಮ ನಾಲಿ ಹಂಗೆ ಆನ್-ಆಫ್ ಐತೇನ್ರಿ?’

ಬೇರೆ ಊರಿನ ಓದುಗರಿಗಾಗಿ ಒಂದು ವಿವರಣೆ. ಲಕ್ಕವಳ್ಳಿಯ ಭದ್ರಾ ಜಲಾಶಯ ತುಂಬಿದರೆ 186 ಅಡಿ. ಅಲ್ಲಿಂದ ಬಲದಂಡೆ ನಾಲೆ ಹರಿದು ಬರುವುದು ದಾವಣಗೆರೆ, ಹರಿಹರಗಳ ಗದ್ದೆಗಳವರೆಗೆ. ನೀರು ಕಡಿಮೆಯಾದ ವರ್ಷ ಇಷ್ಟು ದಿನ ಬಿಡುವುದು, ಇಷ್ಟು ದಿನ ನಿಲ್ಲಿಸುವುದು ಎಂದು ಸರದಿ ಹಾಕುತ್ತಾರೆ. ಅದೇ ಆನ್-ಆಫ್. ನಾಲೆಯ ತಲೆ ಭಾಗದವರಿಗೆ ಅದರಿಂದ ಹೆಚ್ಚಿನ ತೊಂದರೆಯಿಲ್ಲ. ನೀರು ಕೊನೆ ಭಾಗ ಮುಟ್ಟುವ ಹೊತ್ತಿಗೆ ಮಾತ್ರ ‘ಆಫ್’ನ ದಿನ ಬಂದಿರುತ್ತದೆ. 2023ರಲ್ಲಿ ಮಳೆ ಕೈಕೊಟ್ಟಾಗ ಇದೇ ವಿಷಯಕ್ಕೆ ನಮ್ಮ ಜಿಲ್ಲೆಯ ರೈತರು ಬೀದಿಗಿಳಿದದ್ದು ಹಲವರಿಗೆ ನೆನಪಿರಬಹುದು.

ಹೌದು, ಗಣಕಕ್ಕೂ ನಾಲೆಯಿದೆ, ತಲೆ ಭಾಗವಿದೆ, ಕೊನೆ ಭಾಗವಿದೆ. ಆ ನಾಲೆಯ ತೂಬು ಯಾರ ಕೈಯಲ್ಲಿದೆ ಎಂಬುದೇ ಇಂದು ದೇಶದೇಶಗಳ ನಡುವಿನ ದೊಡ್ಡ ಮಾತುಕತೆಯ ವಸ್ತು.

ಬುದ್ಧಿಯೆಂಬ ಮಗ್ಗಿ

ಎಐ ಎಂದು ಎಲ್ಲರ ಬಾಯಲ್ಲಿರುವ ಈ ಕೃತಕ ಬುದ್ಧಿಮತ್ತೆಯ ಒಳಹೊಕ್ಕು ನೋಡಿದರೆ ಕಾಣುವುದು ಗುಣಾಕಾರ ಮತ್ತು ಸಂಕಲನ. ಅಷ್ಟೇ. ಹುಡುಗನ ಪ್ರೋಗ್ರಾಂ ಮೊದಲು ಮನಬಂದ ಲಕ್ಷಾಂತರ ಸಂಖ್ಯೆಗಳನ್ನು ಇಟ್ಟುಕೊಂಡು ಹೊರಡುತ್ತದೆ. ಒಂದು ಎಲೆಯ ಚಿತ್ರ ಕೊಟ್ಟರೆ ಅದರ ಬಣ್ಣದ ಸಂಖ್ಯೆಗಳನ್ನು ತನ್ನ ಸಂಖ್ಯೆಗಳಿಂದ ಗುಣಿಸಿ, ಕೂಡಿಸಿ, ‘ಹುಳು ಇದೆ’ ಎನ್ನುತ್ತದೆ. ಉತ್ತರ ತಪ್ಪಾದರೆ ತನ್ನ ಸಂಖ್ಯೆಗಳನ್ನು ಕೂದಲೆಳೆಯಷ್ಟು ತಿದ್ದಿಕೊಳ್ಳುತ್ತದೆ. ಹೀಗೆ ನಾಲ್ಕು ಸಾವಿರ ಚಿತ್ರಗಳನ್ನು ಮತ್ತೆ ಮತ್ತೆ ಸುತ್ತಬೇಕು.

ನಮ್ಮ ಮನೆಯ ಗಣಕದ ಪ್ರೊಸೆಸರ್ ಜಾಣ ಗುಮಾಸ್ತನಿದ್ದಂತೆ. ಎಂತಹ ಕಷ್ಟದ ಲೆಕ್ಕವನ್ನಾದರೂ ಮಾಡಿಯಾನು, ಆದರೆ ಒಂದಾದ ಮೇಲೆ ಒಂದು. ಜಿಪಿಯು ಎಂಬ ಚಿಪ್ ಹಾಗಲ್ಲ. ಪ್ರಾರ್ಥನೆಗೆ ನಿಂತ ಇಡೀ ಶಾಲೆಯ ಮಕ್ಕಳು ಒಟ್ಟಿಗೆ ಮಗ್ಗಿ ಒಪ್ಪಿಸಿದಂತೆ, ಸುಲಭದ ಗುಣಾಕಾರಗಳನ್ನು ಸಾವಿರಗಟ್ಟಲೆ ಒಮ್ಮೆಲೇ ಮಾಡುತ್ತದೆ. ಮೊದಲು ಇದನ್ನು ತಯಾರಿಸಿದ್ದು ಗಣಕದ ಆಟಗಳ ಚಿತ್ರ ಮೂಡಿಸಲು. ಎಐಗೆ ಬೇಕಾದದ್ದೂ ಇಂತಹದೇ ಲೆಕ್ಕವಾದ್ದರಿಂದ ಅದರ ಭಾಗ್ಯ ತೆರೆಯಿತು.

ಎಷ್ಟು ಲೆಕ್ಕ ಬೇಕಾದೀತು? ವಿದ್ಯಾರ್ಥಿಗಳು ಪೆನ್ಸಿಲ್ ಹಿಡಿಯಬಹುದು. 2020ರಲ್ಲಿ ಅಮೆರಿಕದ ಓಪನ್ ಎಐ ಸಂಸ್ಥೆ ಪ್ರಕಟಿಸಿದ ಜಿಪಿಟಿ-3 ಎಂಬ ಭಾಷಾ ಮಾದರಿಗೆ ಕಲಿಸಲು ಹಿಡಿದ ಲೆಕ್ಕಗಳ ಸಂಖ್ಯೆ ಸುಮಾರು 3.14 ಗುಣಿಸು 10ರ 23ನೇ ಘಾತ. ಎಂದರೆ 3ರ ಮುಂದೆ 23 ಸೊನ್ನೆ ಎಂದುಕೊಳ್ಳಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಸ್ಥಾಪನೆಯಾದ ಪರಮ್ ಪ್ರವೇಗ ಸೂಪರ್ ಕಂಪ್ಯೂಟರಿನ ವೇಗ 3.3 ಪೆಟಾಫ್ಲಾಪ್. ಎಂದರೆ ಒಂದು ಸೆಕೆಂಡಿಗೆ 3.3 ಗುಣಿಸು 10ರ 15ನೇ ಘಾತದಷ್ಟು ಲೆಕ್ಕ. ಭಾಗಿಸಿ ನೋಡಿ. ಸುಮಾರು 1,100 ದಿನ! ಮೂರು ವರ್ಷ ಬೇರೆ ಯಾರಿಗೂ ಕೊಡದೆ ಅದೊಂದನ್ನೇ ಮಾಡುತ್ತ ಕೂರಬೇಕು.

ಈಗ ಇನ್ನೊಂದು ಲೆಕ್ಕ. 2025ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಬೆಂಗಳೂರಿನ ಸರ್ವಂ ಎಐ ಕಂಪನಿಯನ್ನು ಭಾರತೀಯ ಭಾಷೆಗಳ ಮಾದರಿ ಕಟ್ಟಲು ಆರಿಸಿ, ಅದಕ್ಕೆ 4,096 ಎಚ್-100 ಜಿಪಿಯುಗಳ ಬಳಕೆ ಒದಗಿಸುವುದಾಗಿ ಹೇಳಿತು. ಒಂದೊಂದು ಚಿಪ್ ಎಐಗೆ ಬೇಕಾದ ಬಗೆಯ ಲೆಕ್ಕವನ್ನು ಸೆಕೆಂಡಿಗೆ ಸುಮಾರು 10ರ 15ನೇ ಘಾತದಷ್ಟು ಮಾಡಬಲ್ಲದು. ನಿಜವಾಗಿ ಓಡಿಸುವಾಗ ಅದರ ಶೇಕಡಾ 40ರಷ್ಟು ದಕ್ಕಿತೆಂದುಕೊಂಡರೂ ಅದೇ ಕೆಲಸ ಎರಡು, ಎರಡೂವರೆ ದಿನದಲ್ಲಿ ಮುಗಿಯುತ್ತದೆ. ಪರಮ್ ಪ್ರವೇಗವನ್ನು ಹೀಗೆ ಹೋಲಿಸಿದ್ದು ಪೂರಾ ನ್ಯಾಯವಲ್ಲ. ಅದರ ವೇಗವನ್ನು ಹೇಳುವುದು ಹೆಚ್ಚು ದಶಮಾಂಶ ಸ್ಥಾನಗಳ ಸೂಕ್ಷ್ಮ ಲೆಕ್ಕಕ್ಕೆ, ಎಐಗೆ ಒರಟು ಲೆಕ್ಕ ಸಾಕು. ಆದರೂ ಮೂರು ವರ್ಷವೆಲ್ಲಿ, ಮೂರು ದಿನವೆಲ್ಲಿ! ಚಿಪ್ ಇದ್ದವರಿಗೂ ಇಲ್ಲದವರಿಗೂ ನಡುವಿನ ಅಂತರ ಇದು.

ಇದಕ್ಕೆ ತಗಲುವ ವಿದ್ಯುತ್ತನ್ನು ನಮ್ಮ ರೈತರ ಭಾಷೆಯಲ್ಲೇ ಹೇಳಬಹುದು. ಒಂದು ಎಚ್-100 ಚಿಪ್ ಎಳೆಯುವುದು 700 ವ್ಯಾಟ್. ಒಂದು ಅಶ್ವಶಕ್ತಿ ಎಂದರೆ 746 ವ್ಯಾಟ್. ಅಂಗೈಯಗಲದ ಒಂದು ಚಿಪ್ ಹೆಚ್ಚುಕಡಿಮೆ ಒಂದು ಎಚ್‌ಪಿ ಮೋಟಾರು! 4,096 ಚಿಪ್‌ಗಳೆಂದರೆ 10 ಎಚ್‌ಪಿಯ 384 ಪಂಪ್‌ಸೆಟ್‌ಗಳು ಹಗಲೂ ರಾತ್ರಿ ಓಡಿದಂತೆ. ಬಿಸಿಯಾದ ಚಿಪ್‌ಗಳನ್ನು ತಣಿಸಲು ಬೇಕಾಗುವ ವಿದ್ಯುತ್ತು, ನೀರು ಇದರ ಮೇಲೆ.

ಯಂತ್ರ ಮಾಡುವ ಯಂತ್ರ

‘ಹಂಗಾರೆ ಆ ಚಿಪ್ಪನ್ನ ನಾವೇ ಮಾಡ್ಕೊಂಡ್ರಾತಲ್ರೀ’ ಎಂದರು ತಂದೆ.

ಹರಿಹರದವರ ಬಾಯಲ್ಲಿ ಈ ಮಾತು ಬರುವುದು ಸಹಜ. 1941ರಲ್ಲಿ ಅಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ತಯಾರಿಸುತ್ತಿದ್ದುದು ಲೇತ್‌ಗಳನ್ನು, ಎಂದರೆ ಯಂತ್ರಗಳನ್ನು ಮಾಡುವ ಯಂತ್ರಗಳನ್ನು. ತುಂಗಭದ್ರೆಯ ದಡದ ಸಣ್ಣ ಊರಿನ ಹೆಸರು ದೇಶದ ವರ್ಕ್‌ಶಾಪುಗಳಿಗೆಲ್ಲ ಗೊತ್ತಿತ್ತು. ಕಾರ್ಖಾನೆ ಮುಚ್ಚಿ ಎರಡು ದಶಕಗಳೇ ಮೀರಿದವು. ಆದರೆ ಅಲ್ಲಿ ದುಡಿದ ಹಿರಿಯ ಟರ್ನರ್ ಒಬ್ಬರನ್ನು ಮಾತಿಗೆಳೆಯಿರಿ. ‘ಥೌ’ ಎಂದರೇನೆಂದು ಕೈ ಬೆರಳಿನಲ್ಲೇ ತೋರಿಸುತ್ತಾರೆ. ಇಂಚಿನ ಸಾವಿರದಲ್ಲಿ ಒಂದು ಭಾಗ. ಅಷ್ಟರಲ್ಲಿ ವ್ಯತ್ಯಾಸ ಬಂದರೆ ಮಾಲು ತಿರಸ್ಕಾರ.

ಚಿಪ್ ಮಾಡುವ ‘ಲೇತ್’ಗೆ ಆ ಥೌ ಕೂಡ ಬೆಟ್ಟ. ಅತಿ ಸೂಕ್ಷ್ಮ ಚಿಪ್‌ಗಳ ಮೇಲೆ ಗೆರೆ ಮೂಡಿಸಲು ಬಳಸುವ ಬೆಳಕಿನ ತರಂಗಾಂತರ 13.5 ನ್ಯಾನೋಮೀಟರ್. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿ ಅದರಲ್ಲಿ ಹದಿಮೂರೂವರೆ ಪಾಲು. ತವರದ ಸಣ್ಣ ಹನಿಗಳನ್ನು ಸೆಕೆಂಡಿಗೆ ಐವತ್ತು ಸಾವಿರದಂತೆ ಉದುರಿಸಿ, ಒಂದೊಂದಕ್ಕೂ ಲೇಸರ್ ಹೊಡೆದು ಈ ಬೆಳಕನ್ನು ಹುಟ್ಟಿಸುತ್ತಾರೆ. ಇಂತಹ ಯಂತ್ರವನ್ನು ಮಾರಾಟಕ್ಕೆ ತಯಾರಿಸುವ ಕಂಪನಿ ಪ್ರಪಂಚದಲ್ಲಿ ಒಂದೇ, ನೆದರ್‌ಲೆಂಡ್ಸ್‌ನ ಎಎಸ್‌ಎಂಎಲ್. ಆ ಯಂತ್ರದೊಳಗಿನ ಕನ್ನಡಿಗಳು, ಲೇಸರ್ ಬರುವುದು ಜರ್ಮನಿಯಿಂದ. ಅದನ್ನು ಕೊಂಡು ಎನ್‌ವಿಡಿಯಾದ ಚಿಪ್ ತಯಾರಿಸುವುದು ತೈವಾನ್. ಚಿಪ್‌ಗೆ ಅಂಟಿಸುವ ಸ್ಮರಣೆಯ ಬಿಲ್ಲೆಗಳು ಬಹುಪಾಲು ಕೊರಿಯದವು. ವಿನ್ಯಾಸ ಅಮೆರಿಕದ್ದು ಎನ್ನುತ್ತೇವಾದರೂ ಎನ್‌ವಿಡಿಯಾದ ಎಂಜಿನಿಯರುಗಳಲ್ಲಿ ಸಾಕಷ್ಟು ಮಂದಿ ಕೂತಿರುವುದು ನಮ್ಮ ಬೆಂಗಳೂರಿನಲ್ಲೇ.

ಹೀಗಿರುವಾಗ ‘ಎಲ್ಲವನ್ನೂ ನಾವೇ ಮಾಡಿಕೊಳ್ಳುತ್ತೇವೆ’ ಎಂದು ಯಾವ ದೇಶವೂ ಎದೆ ತಟ್ಟುವಂತಿಲ್ಲ, ಅಮೆರಿಕವೂ ಸೇರಿದಂತೆ. ಸಹಕಾರ ಎಂಬುದು ಇಲ್ಲಿ ಔದಾರ್ಯದ ಮಾತಲ್ಲ. ಚಿಪ್ ಹುಟ್ಟುವುದೇ ಹಲವು ದೇಶಗಳ ಕೈದಾಟಿ. ಕೇಳಬೇಕಾದ ಪ್ರಶ್ನೆ, ಹೀಗೆ ಎಲ್ಲರೂ ಸೇರಿ ಹುಟ್ಟಿಸಿದ ಶಕ್ತಿ ಹಂಚಿಕೆಯಾಗುವುದು ಯಾವ ಕರಾರಿನ ಮೇಲೆ ಎಂಬುದು.

ಕೇಳಿದ್ದು ಎರಡು, ಕೊಟ್ಟದ್ದು ಒಂದು

ಕರಾರಿನ ರುಚಿ ನಮ್ಮ ದೇಶ ಬಹಳ ಹಿಂದೆಯೇ ಕಂಡಿದೆ. ಎಂಬತ್ತರ ದಶಕದಲ್ಲಿ ಮುಂಗಾರಿನ ಮುನ್ಸೂಚನೆಗಾಗಿ ಭಾರತ ಅಮೆರಿಕದಿಂದ ಕೇಳಿದ್ದು ಎರಡು ಪ್ರೊಸೆಸರುಗಳ ಕ್ರೇ ಎಕ್ಸ್-ಎಂಪಿ/24 ಸೂಪರ್ ಕಂಪ್ಯೂಟರನ್ನು. ಅಣ್ವಸ್ತ್ರ, ಕ್ಷಿಪಣಿಗಳ ವಿನ್ಯಾಸಕ್ಕೆ ಬಳಸಿಯಾರೆಂಬ ಅನುಮಾನ, ರಷ್ಯನ್ನರ ಕೈ ಸೇರೀತೆಂಬ ಭಯ. ಬಹಳ ಚೌಕಾಸಿಯ ನಂತರ ಒಪ್ಪಿದ್ದು ಒಂದೇ ಪ್ರೊಸೆಸರಿನ ಎಕ್ಸ್-ಎಂಪಿ/14ಕ್ಕೆ. ಅದೂ ಹವಾಮಾನದ ಕೆಲಸಕ್ಕೆ ಮಾತ್ರ ಎಂಬ ಕಟ್ಟುಪಾಡಿನೊಂದಿಗೆ. 1989ರಲ್ಲಿ ದೆಹಲಿಯಲ್ಲಿ ಕೆಲಸ ಆರಂಭಿಸಿದ ಆ ಯಂತ್ರದ ವೇಗ ಸೆಕೆಂಡಿಗೆ ಸುಮಾರು 20 ಕೋಟಿ ಲೆಕ್ಕ. ಇಂದು ನಿಮ್ಮ ಮಗನ ಜೇಬಿನ ಮೊಬೈಲು ಅದನ್ನು ಎಷ್ಟೋ ಪಟ್ಟು ಮೀರಿಸುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಕ್ರೇ ತರಿಸುವ ಪ್ರಯತ್ನವಂತೂ ಆಗ ಕೈಗೂಡಲೇ ಇಲ್ಲ.

ಇಲ್ಲಿಂದ ಮುಂದಿನ ಕಥೆಯನ್ನು ನಮ್ಮ ಪಠ್ಯಪುಸ್ತಕಗಳು ಅರ್ಧ ಹೇಳುತ್ತವೆ. 1988ರಲ್ಲಿ ಪುಣೆಯಲ್ಲಿ ಸಿ-ಡಾಕ್ ಸಂಸ್ಥೆ ಸ್ಥಾಪನೆಯಾಯಿತು, ವಿಜಯ್ ಭಾಟ್ಕರ್ ನೇತೃತ್ವದಲ್ಲಿ 1991ರಲ್ಲಿ ಪರಮ್ 8000 ಸಿದ್ಧವಾಯಿತು, ‘ಕೊಡೆವು’ ಎಂದವರ ಮುಖಕ್ಕೆ ಹೊಡೆದಂತೆ ಭಾರತ ಉತ್ತರ ಕೊಟ್ಟಿತು. ಸಂತೋಷ. ಹೇಳದೆ ಬಿಡುವ ಅರ್ಧ ಎರಡು. ಮೊದಲನೆಯದು, ಸಿ-ಡಾಕ್ ಹುಟ್ಟುವುದಕ್ಕೂ ಮೊದಲೇ, 1986ರಲ್ಲಿ, ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದಲ್ಲಿ ಫ್ಲೋಸಾಲ್ವರ್ ಎಂಬ ಸಮಾಂತರ ಗಣಕ ಕೆಲಸ ಮಾಡತೊಡಗಿತ್ತು. ರೊದ್ದಂ ನರಸಿಂಹ ಆಗ ಅದರ ನಿರ್ದೇಶಕರು. ಯು. ಎನ್. ಸಿನ್ಹಾ ಮತ್ತು ಸಂಗಡಿಗರು ಸಾಧಾರಣ ನಾಲ್ಕು ಪ್ರೊಸೆಸರುಗಳನ್ನು ಜೋಡಿಸಿ ಅದನ್ನು ಕಟ್ಟಿದ್ದರು. ಕರ್ನಾಟಕದ ಮಕ್ಕಳಿಗೇ ಈ ಹೆಸರು ಗೊತ್ತಿಲ್ಲದಿರುವುದು ಬೇಸರದ ವಿಷಯ.

ಎರಡನೆಯದು, ಪರಮ್ 8000ದ ಒಳಗಿದ್ದ ಚಿಪ್‌ಗಳು ಬ್ರಿಟನ್ನಿನ ಬ್ರಿಸ್ಟಲ್‌ನ ಇನ್‌ಮಾಸ್ ಕಂಪನಿಯ ಟ್ರಾನ್ಸ್‌ಪ್ಯೂಟರುಗಳು, ಫ್ಲೋಸಾಲ್ವರಿನವು ಅಮೆರಿಕದ ಇಂಟೆಲ್‌ನವು. ಜಾಣತನ ನಮ್ಮದು, ಚಿಪ್ ಪೇಟೆಯದು. ಇದನ್ನು ಹೇಳಿದರೆ ಸಾಧನೆ ಕಿರಿದಾಗುವುದಿಲ್ಲ. ಒಬ್ಬರು ತೂಬು ಮುಚ್ಚಿದಾಗ ಇನ್ನೊಂದು ತೂಬು ತೆರೆದಿತ್ತು, ಅದನ್ನು ಬಳಸಿಕೊಳ್ಳುವ ಕೈಗಳು ನಮ್ಮಲ್ಲಿದ್ದವು ಎಂಬುದಷ್ಟೇ ಇದರ ಅರ್ಥ. ಮುಂದೆ ಪರಮ್ ಸರಣಿಯ ಯಂತ್ರಗಳನ್ನು ಭಾರತ ರಷ್ಯಕ್ಕೆ ಒದಗಿಸಿತು. ಆಫ್ರಿಕದ ಘಾನಾದ ರಾಜಧಾನಿ ಆಕ್ರಾದಲ್ಲಿ 2003ರಲ್ಲಿ ತೆರೆದ ಕೋಫಿ ಅನ್ನಾನ್ ಮಾಹಿತಿ ತಂತ್ರಜ್ಞಾನ ಕೇಂದ್ರಕ್ಕೂ ಪರಮ್ ಹೋಯಿತು. ಬೇಡಿದವರೇ ಕೊಡುವವರಾದ ಈ ಪ್ರಸಂಗ ನನಗೆ ಪರಮ್‌ನ ವೇಗಕ್ಕಿಂತ ಹೆಚ್ಚು ಹೆಮ್ಮೆಯದು.

ಅಂದು ಬಾರದ ಕ್ರೇ ಭಾರತೀಯ ವಿಜ್ಞಾನ ಸಂಸ್ಥೆಗೆ ಕೊನೆಗೂ ಬಂತು, 2015ರಲ್ಲಿ. ಹೆಸರು ಸಹಸ್ರಟಿ. ಅಷ್ಟು ಹೊತ್ತಿಗೆ ಕಾಲ ಬದಲಾಗಿತ್ತು ಎಂದುಕೊಂಡೆವು. ಪೂರಾ ಬದಲಾಗಿರಲಿಲ್ಲ. 2022ರ ಅಕ್ಟೋಬರಿನಲ್ಲಿ ಅಮೆರಿಕ ಎಐ ಚಿಪ್‌ಗಳನ್ನು ಚೀನಕ್ಕೆ ಮಾರದಂತೆ ನಿರ್ಬಂಧಿಸಿತು. 2025ರ ಜನವರಿಯಲ್ಲಿ ಇನ್ನೊಂದು ನಿಯಮ ಹೊರಡಿಸಿ ಜಗತ್ತನ್ನು ಮೂರು ಪಂಕ್ತಿಯಲ್ಲಿ ಕೂರಿಸಿತು. ಮೊದಲ ಪಂಕ್ತಿಯಲ್ಲಿ 18 ಆಪ್ತ ದೇಶಗಳಿಗೆ ಬೇಕಾದಷ್ಟು ಬಡಿಸುವುದು, ಎರಡನೆಯದಕ್ಕೆ ಅಳೆದು ಹಾಕುವುದು, ಮೂರನೆಯದಕ್ಕೆ ಏನೂ ಇಲ್ಲ. ಭಾರತಕ್ಕೆ ಎರಡನೆಯ ಪಂಕ್ತಿ! ಅದೇ ವರ್ಷದ ಮೇ ತಿಂಗಳಲ್ಲಿ, ಜಾರಿಗೆ ಬರುವ ಮೊದಲೇ, ಅಲ್ಲಿನ ಹೊಸ ಸರ್ಕಾರ ಆ ನಿಯಮವನ್ನು ಹಿಂತೆಗೆದುಕೊಂಡಿತು. ಎಲೆ ಹಾಕಿದವರೇ ಎಲೆ ಎತ್ತಿದರು. ಮತ್ತೆ ಹಾಕಲಾರರೆಂದು ಯಾರು ಹೇಳಬೇಕು?

ಕಾಗದದ ಮಿಲ್ಲಿನಲ್ಲಿ ಮಹಾಗಣಕ

ಬೇರೆ ದಾರಿಯೂ ಇದೆ. ಅದನ್ನು ನೋಡಲು ಫಿನ್‌ಲೆಂಡಿನ ಕಯಾನಿ ಎಂಬ ಸಣ್ಣ ಪಟ್ಟಣಕ್ಕೆ ಹೋಗಬೇಕು. ದಾವಣಗೆರೆಯವರಿಗೆ ಆ ಊರಿನ ಕಷ್ಟ ಬಹಳ ವಿವರಿಸಬೇಕಾಗಿಲ್ಲ. ನಮ್ಮದು ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡ ಊರು. ಹತ್ತಿ ಮಿಲ್ಲುಗಳ ಸೈರನ್ ಕೇಳಿ ಗಡಿಯಾರ ಸರಿಪಡಿಸಿಕೊಳ್ಳುತ್ತಿದ್ದವರು ನಾವು. ಒಂದೊಂದಾಗಿ ಅವು ಮುಚ್ಚಿದ ಮೇಲೆ ಆ ಜಾಗಗಳಲ್ಲಿ ಬಡಾವಣೆಗಳೆದ್ದವು. ಕಯಾನಿಯಲ್ಲೂ ತಲೆಮಾರುಗಳ ಕಾಲ ಅನ್ನ ಕೊಟ್ಟ ಕಾಗದದ ಕಾರ್ಖಾನೆ 2008ರಲ್ಲಿ ಮುಚ್ಚಿತು. ಅದೇ ಆವರಣದ ಕಟ್ಟಡದಲ್ಲಿ 2022ರ ಜೂನ್‌ನಲ್ಲಿ ಉದ್ಘಾಟನೆಯಾದದ್ದು ಲೂಮಿ ಎಂಬ ಸೂಪರ್ ಕಂಪ್ಯೂಟರ್. ಆಗ ಅದು ಜಗತ್ತಿನಲ್ಲೇ ಮೂರನೆಯ ಸ್ಥಾನದಲ್ಲಿತ್ತು. ಕಾಗದದ ಕಾರ್ಖಾನೆಗೆಂದು ಎಳೆದಿದ್ದ ವಿದ್ಯುತ್ ತಂತಿ ಇತ್ತು, ಜಲವಿದ್ಯುತ್ ಇತ್ತು, ಚಳಿಯಂತೂ ಧಾರಾಳವಾಗಿತ್ತು. ಗಣಕದಿಂದ ಹೊರಬರುವ ಶಾಖವನ್ನೂ ಬಿಸಾಡದೆ ಕೊಳವೆಗಳಲ್ಲಿ ಊರಿನ ಮನೆಗಳಿಗೆ ಹರಿಸುವ ವ್ಯವಸ್ಥೆ ಮಾಡಿದ್ದಾರೆ. ಊರಿಗೆ ಬೇಕಾದ ಬಿಸಿಯಲ್ಲಿ ಐದನೇ ಒಂದು ಪಾಲು ಅಲ್ಲಿಂದಲೇ ಬರಲೆಂಬುದು ಯೋಜನೆ.

ನನಗೆ ಹೆಚ್ಚು ಹಿಡಿಸಿದ್ದು ಆ ಯಂತ್ರವಲ್ಲ, ಅದರ ಪಾಲುಪಟ್ಟಿ. ಅರ್ಧ ಬಂಡವಾಳ ಯೂರೋಪಿನ ಒಕ್ಕೂಟದ್ದು. ಉಳಿದರ್ಧವನ್ನು ಫಿನ್‌ಲೆಂಡ್, ಸ್ವೀಡನ್, ನಾರ್ವೆ, ಪೋಲೆಂಡ್, ಎಸ್ಟೋನಿಯ, ಐಸ್‌ಲೆಂಡ್ ಮುಂತಾದ ದೇಶಗಳು ಚಂದಾ ಹಾಕಿ ಹೊಂದಿಸಿವೆ. ಬಳಕೆಯ ಗಂಟೆಗಳೂ ಹಾಗೆಯೇ. ಅರ್ಧ ಗಂಟೆಗಳು ಯೂರೋಪಿನ ವಿಜ್ಞಾನಿಗಳಿಗೆಲ್ಲ ಅರ್ಜಿಯ ಯೋಗ್ಯತೆಯ ಮೇಲೆ, ಉಳಿದರ್ಧ ಚಂದಾದಾರ ದೇಶಗಳಿಗೆ ಅವರವರ ಪಾಲಿನ ಪ್ರಕಾರ. ಎಸ್ಟೋನಿಯದ ಜನಸಂಖ್ಯೆ ನಮ್ಮ ದಾವಣಗೆರೆ ಜಿಲ್ಲೆಗಿಂತ ಕಡಿಮೆ. ಅಂತಹ ದೇಶ ಒಂಟಿಯಾಗಿ ಇಂತಹ ಯಂತ್ರ ಕೊಳ್ಳುವ ಮಾತೇ ಇಲ್ಲ. ಆದರೆ ಅದರ ಪಾಲಿನ ಗಂಟೆಗಳು ಕಾಗದದ ಮೇಲೆ ಬರೆದಿವೆ. ಬೆಳಗಿನ ಜಾವ ‘ನಿಮ್ಮ ಪಾಲು ಮುಗಿದಿದೆ’ ಎಂದು ಯಾರೋ ಮನಬಂದಂತೆ ನಿಲ್ಲಿಸುವಂತಿಲ್ಲ. ಪುಕ್ಕಟೆ ಕೊಟ್ಟದ್ದಕ್ಕೂ ಪಾಲಿನಿಂದ ಬಂದದ್ದಕ್ಕೂ ಇರುವ ಅಂತರ ಇದೇ. ತಂದೆಗೆ ಇದು ಕೂಡಲೇ ಅರ್ಥವಾಯಿತು. ‘ಕೊನಿ ಭಾಗದವ್ರ ಹೆಸ್ರೂ ಪಟ್ಟಿಯಾಗೆ ಐತಿ ಅನ್ರಿ’ ಎಂದರು.

ಲೂಮಿಯಲ್ಲಿ ತಯಾರಾದದ್ದರಲ್ಲಿ ಫಿನ್ನಿಶ್ ಭಾಷೆಯ ಮಾದರಿಗಳೂ ಸೇರಿವೆ. ತುರ್ಕು ವಿಶ್ವವಿದ್ಯಾಲಯದ ತಂಡ 2023ರಲ್ಲಿ ಫಿನ್‌ಜಿಪಿಟಿಯನ್ನು ರೂಪಿಸಿತು. ಆ ಭಾಷೆಯನ್ನಾಡುವವರು ಐವತ್ತು ಲಕ್ಷದ ಆಸುಪಾಸು. 2011ರ ಜನಗಣತಿಯಂತೆ ಕನ್ನಡ ಮಾತೃಭಾಷೆಯವರು 4 ಕೋಟಿ 37 ಲಕ್ಷ!

ಕನ್ನಡಕ್ಕೆ ಹೆಚ್ಚಿನ ಸುಂಕ

ಕನ್ನಡದ ಮಾತು ಬಂದದ್ದರಿಂದ ಇನ್ನೊಂದು ಸೂಕ್ಷ್ಮ. ಗಣಕದಲ್ಲಿ ಅಕ್ಷರಗಳನ್ನು ಸಂಗ್ರಹಿಸುವ ರೂಢಿಯ ಪದ್ಧತಿಯಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ 1 ಬೈಟ್ ಜಾಗ ಸಾಕು. ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್, ಗುಣಿತದ ಚಿಹ್ನೆಗೆ ಬೇರೆ ಲೆಕ್ಕ. ದಾವಣಗೆರೆ ಎಂಬ ಹೆಸರನ್ನು ಇಂಗ್ಲಿಷಿನಲ್ಲಿ ಬರೆದರೆ 10 ಅಕ್ಷರ, 10 ಬೈಟ್. ಕನ್ನಡದಲ್ಲಿ ದ, ವ, ಣ, ಗ, ರ ಐದು. ದೀರ್ಘದ ಚಿಹ್ನೆ ಒಂದು, ಎತ್ವ ಎರಡು. ಒಟ್ಟು 8 ಚಿಹ್ನೆ, 24 ಬೈಟ್. ಇಂಗ್ಲಿಷನ್ನೇ ಮುಂದಿಟ್ಟುಕೊಂಡು ಮಾಡಿದ ಭಾಷಾ ಮಾದರಿಗಳು ಕನ್ನಡದ ಪದಗಳನ್ನು ಚೂರುಚೂರಾಗಿ ಒಡೆದು ಓದುತ್ತವೆ. ಚೂರು ಹೆಚ್ಚಾದಷ್ಟೂ ಲೆಕ್ಕ ಹೆಚ್ಚು, ವಿದ್ಯುತ್ತು ಹೆಚ್ಚು, ಖರ್ಚು ಹೆಚ್ಚು. ಅದೇ ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಿದರೆ ಹೆಚ್ಚಿನ ಸುಂಕ ತೆತ್ತಂತೆ. ನಮ್ಮ ಭಾಷೆಗೆ ತಕ್ಕಂತೆ ಪದ ಒಡೆಯುವ ಕ್ರಮ ರೂಪಿಸಿ ಮಾದರಿ ಕಟ್ಟಿದರೆ ಈ ಸುಂಕ ಇಳಿಯುತ್ತದೆ. ಕಟ್ಟಲು ಗಣಕಶಕ್ತಿ ಬೇಕು. ಮತ್ತೆ ನಾಲೆಯ ಬುಡಕ್ಕೇ ಬಂದೆವು.

ಹಾಗೆಂದು ಇದು ಭಾಷೆಯೊಂದರ ಪ್ರಶ್ನೆಯೂ ಅಲ್ಲ, ಮಳೆಯದೂ ಹೌದು. ಮುಂಗಾರಿನ ಮುನ್ಸೂಚನೆಗೆ ದೇಶವನ್ನು ಚೌಕಗಳಾಗಿ ವಿಂಗಡಿಸಿ ಒಂದೊಂದು ಚೌಕದ ಗಾಳಿ, ತೇವ, ಒತ್ತಡಗಳ ಲೆಕ್ಕ ಹಾಕುತ್ತಾರೆ. ಮೊದಲು ಚೌಕದ ಅಗಲ 12 ಕಿಲೋಮೀಟರ್ ಇತ್ತು. 2025ರ ಮೇನಲ್ಲಿ ಆರಂಭವಾದ ಭಾರತ್ ಫೋರ್‌ಕಾಸ್ಟ್ ಸಿಸ್ಟಂನಲ್ಲಿ ಅದು 6 ಕಿಲೋಮೀಟರಿಗೆ ಇಳಿಯಿತು. ದಾವಣಗೆರೆಗೂ ಹರಿಹರಕ್ಕೂ ಇರುವ ದೂರ ಸುಮಾರು 14 ಕಿಲೋಮೀಟರ್. ಇಲ್ಲಿ ಹುಯ್ದ ಮಳೆ ಅಲ್ಲಿ ಹನಿಯೂ ಬೀಳದಿರುವುದು ನಮಗೆಲ್ಲ ಗೊತ್ತು. ಚೌಕ ಕಿರಿದಾದಷ್ಟೂ ಈ ವ್ಯತ್ಯಾಸ ಹಿಡಿಯುವುದು ಸುಲಭ. ಆದರೆ ಚೌಕದ ಅಗಲ ಅರ್ಧ ಮಾಡಿದರೆ ಲೆಕ್ಕ ಎರಡರಷ್ಟಲ್ಲ, ಸುಮಾರು ಎಂಟರಷ್ಟು. ಉದ್ದಕ್ಕೆ ಎರಡು, ಅಗಲಕ್ಕೆ ಎರಡು, ಸಮಯದ ಹೆಜ್ಜೆಯೂ ಅರ್ಧವಾಗುವುದರಿಂದ ಇನ್ನೊಂದು ಎರಡು. ಇದನ್ನು ಮಾಡುವ ಪುಣೆಯ ಅರ್ಕ, ಮತ್ತು 2024ರ ಸೆಪ್ಟೆಂಬರಿನಲ್ಲಿ ಅದರೊಡನೆಯೇ ಉದ್ಘಾಟನೆಯಾದ ನೋಯಿಡಾದ ಅರುಣಿಕ, ಎರಡನ್ನೂ ಒದಗಿಸಿದ್ದು ಫ್ರಾನ್ಸ್‌ನ ಎವಿಡೆನ್ ಕಂಪನಿ. ಎಂಬತ್ತರ ದಶಕದಲ್ಲಿ ಬೇಡಿ, ಚೌಕಾಸಿ ಮಾಡಿ, ಅರ್ಧ ಪಡೆದ ಅದೇ ಕೆಲಸದ ಯಂತ್ರ ಈಗ ವ್ಯಾಪಾರದ ಒಪ್ಪಂದದಲ್ಲಿ ಬರುತ್ತದೆ.

ತಲೆ ಭಾಗ, ಕೊನೆ ಭಾಗ

ಹೊರಗಿನವರಿಂದ ಪಾಲು ಕೇಳುವ ನಾವು ಒಳಗೆ ಹಂಚುತ್ತಿರುವುದು ಹೇಗೆ? 2024ರ ಮಾರ್ಚ್‌ನಲ್ಲಿ ಕೇಂದ್ರ ಸಚಿವ ಸಂಪುಟ ಇಂಡಿಯಾಎಐ ಮಿಷನ್‌ಗೆ ಐದು ವರ್ಷಕ್ಕೆ ಸುಮಾರು 10,372 ಕೋಟಿ ರೂಪಾಯಿ ಮಂಜೂರು ಮಾಡಿತು. ಸರ್ಕಾರ ತಾನೇ ಚಿಪ್ ಕೊಳ್ಳದೆ ಖಾಸಗಿಯವರ ಬಳಿ ಇರುವುದನ್ನು ಗಂಟೆ ಬಾಡಿಗೆಗೆ ಗೊತ್ತುಮಾಡಿ, ಬಾಡಿಗೆಯ ಒಂದು ಪಾಲನ್ನು ತಾನು ಭರಿಸುವ ಏರ್ಪಾಡು. 2025ರ ಕೊನೆಯ ಹೊತ್ತಿಗೆ ಹೀಗೆ ಗೊತ್ತಾದ ಜಿಪಿಯುಗಳು 38 ಸಾವಿರ, ಬಳಸುವವರಿಗೆ ಸರಾಸರಿ ದರ ಗಂಟೆಗೆ 65 ರೂಪಾಯಿ. ಸಂಶೋಧಕರಂತೆ ವಿದ್ಯಾರ್ಥಿಗಳೂ ಅರ್ಜಿ ಹಾಕಬಹುದು. ಇದು ಒಳ್ಳೆಯ ಕೆಲಸ, ಇನ್ನೊಂದು ಮಾತಿಲ್ಲ. ಆದರೆ ಈ ವಿಷಯ ನಮ್ಮ ಹುಡುಗನಿಗೆ ಗೊತ್ತಿರಲಿಲ್ಲ, ಅವನ ಸಹಪಾಠಿಗಳಿಗೂ ಗೊತ್ತಿರಲಿಲ್ಲ. ತೂಬು ತೆರೆದದ್ದು ಕೊನೆ ಭಾಗದವರಿಗೆ ಕೊನೆಗೇ ತಿಳಿಯುತ್ತದೆ! ಬೆಂಗಳೂರು, ಪುಣೆಗಳ ದೊಡ್ಡ ಸಂಸ್ಥೆಗಳು ನಾಲೆಯ ತಲೆಯಲ್ಲಿವೆ. ಜಿಲ್ಲೆಯ ಕಾಲೇಜುಗಳಿಗೂ ವರ್ಷಕ್ಕೆ ಇಷ್ಟು ಗಂಟೆ ಎಂದು ಹೆಸರು ಹಿಡಿದು ಬರೆದಿಟ್ಟರೆ ಮಾತ್ರ ಅದು ಲೂಮಿಯ ರೀತಿಯ ಪಾಲಾಗುತ್ತದೆ ಎಂಬುದು ನನ್ನ ಅಭಿಪ್ರಾಯ.

ದೇಶಗಳ ನಡುವೆ ಮಾತು ನಡೆದೇ ಇದೆ. ವಿಶ್ವಸಂಸ್ಥೆಯ ತಜ್ಞರ ಮಂಡಳಿ 2024ರ ಸೆಪ್ಟೆಂಬರಿನ ವರದಿಯಲ್ಲಿ, ಗಣಕಶಕ್ತಿ ಇಲ್ಲದ ದೇಶಗಳಿಗಾಗಿ ಜಾಗತಿಕ ನಿಧಿಯೊಂದನ್ನು ಸೂಚಿಸಿತು. 2026ರ ಫೆಬ್ರುವರಿಯಲ್ಲಿ ದೆಹಲಿಯಲ್ಲಿ ನಡೆದ ಎಐ ಶೃಂಗಸಭೆಯ ಏಳು ಕಾರ್ಯತಂಡಗಳಲ್ಲಿ ಒಂದಕ್ಕೆ ಈ ಸಂಪನ್ಮೂಲಗಳ ಹಂಚಿಕೆಯೇ ವಿಷಯವಾಗಿತ್ತು. ಶೃಂಗಸಭೆಗಳ ಭಾಷೆ ಮಧುರ. ಗಂಟೆಗಳ ಪಟ್ಟಿ ಮಾತ್ರ ಇನ್ನೂ ಯಾರ ಕೈಗೂ ಬಂದಿಲ್ಲ. ಘಾನಾಕ್ಕೆ ಪರಮ್ ಕಳಿಸಿದ ದೇಶ ಆ ಪಟ್ಟಿ ಬರೆಯುವುದಕ್ಕೆ ಮುಂದಾದರೆ ಅದನ್ನು ಕೇಳುವ ದೇಶಗಳಿಗೆ ಕೊರತೆಯಿರಲಾರದು.

ಪೋಷಕರು ನನ್ನನ್ನು ಕೇಳುವುದು ಬೇರೆಯದೇ. ‘ಎಐ ಕೋರ್ಸಿಗೆ ಸೇರಿಸೋಣವೇ ಸರ್?’ ಹತ್ತು ದಿನದಲ್ಲಿ ಎಐ ಕಲಿಸುವ ಫಲಕಗಳು ಊರ ತುಂಬ ಇವೆ. ಅದಕ್ಕೆ ಸುರಿಯುವ ಹಣವನ್ನು ಉಳಿಸಿ ಎನ್ನುತ್ತೇನೆ. ದ್ವಿತೀಯ ಪಿಯುಸಿ ಗಣಿತದಲ್ಲಿ ಮಾತೃಕೆಗಳು ಎಂಬ ಅಧ್ಯಾಯವಿದೆ. ‘ಅಂಕ ಬರುತ್ತೆ, ಆದರೆ ಉಪಯೋಗ ಏನು’ ಎಂದು ಮಕ್ಕಳು ಮೂಗು ಮುರಿಯುವ ಅಧ್ಯಾಯ. 4,096 ಚಿಪ್‌ಗಳು 384 ಪಂಪ್‌ಸೆಟ್‌ಗಳಷ್ಟು ವಿದ್ಯುತ್ತು ಕುಡಿದು ಹಗಲೂ ರಾತ್ರಿ ಮಾಡುವುದು ಅದೇ ಮಾತೃಕೆಗಳ ಗುಣಾಕಾರವನ್ನು.

ಇನ್ನು ನಮ್ಮ ಹುಡುಗನ ಮಾತು. ಅವನ ಹುಳು ಮೂಲತಃ ಅಮೆರಿಕ ಖಂಡದ್ದು. ಭಾರತದಲ್ಲಿ ಮೊದಲು ಕಂಡದ್ದು 2018ರಲ್ಲಿ, ಪಕ್ಕದ ಶಿವಮೊಗ್ಗದ ಮೆಕ್ಕೆಜೋಳದಲ್ಲಿ. ಅದು ಯಾವ ಪಂಕ್ತಿಯ ಅಪ್ಪಣೆಗೂ ಕಾಯದೆ ಬಂತು. ಅದನ್ನು ಗುರುತಿಸುವ ಚಿಪ್‌ಗೆ ಮಾತ್ರ ಅಪ್ಪಣೆ ಬೇಕು. ಮಾರನೆಯ ವಾರ ಅವನು ಮತ್ತೆ ಬಂದ, ಗಣಕದ ಗಂಟೆಗಳಿಗೆ ಹಾಕುವ ಅರ್ಜಿಯ ಕರಡು ಹಿಡಿದು. ಏಕೆ ಬೇಕು ಎಂಬಲ್ಲಿ ಎರಡು ಪುಟ ಬರೆದಿದ್ದ. ಅದರಲ್ಲಿ ದೇಶದ ಪ್ರಗತಿ, ಐದನೆಯ ತಲೆಮಾರಿನ ತಂತ್ರಜ್ಞಾನ ಎಲ್ಲ ಇತ್ತು, ಅಪ್ಪನ ಎರಡು ಎಕರೆ ಮೆಕ್ಕೆಜೋಳ ಇರಲಿಲ್ಲ. ಎರಡು ಪುಟ ಹೊಡೆದುಹಾಕಿ ಹೊಲದ ವಿಷಯ ಬರೆಸಿದೆ. ಎಷ್ಟು ಗಂಟೆ ಬೇಕು ಎಂಬಲ್ಲಿ 100 ಎಂದಿತ್ತು. ಕೂತು ಲೆಕ್ಕ ಹಾಕಿದೆವು. ಚಿತ್ರಗಳ ಅಳತೆ ಕುಗ್ಗಿಸಿ, ಅರ್ಧ ಗಂಟೆಗೊಮ್ಮೆ ಕೆಲಸ ಉಳಿಸಿಕೊಂಡರೆ 40 ಸಾಕು. ಗಂಟೆಗೆ 65ರಂತೆ 2,600 ರೂಪಾಯಿ. ಜೊತೆಯಲ್ಲಿದ್ದ ತಂದೆ ಅಂಗಿಯ ಒಳಜೇಬು ಮುಟ್ಟಿ ನೋಡಿಕೊಂಡು, ‘ಬರೀಲಿ ಬಿಡ್ರಿ ಮೇಷ್ಟ್ರೇ’ ಎಂದರು.